ಮುತ್ತಜ್ಜನ ತಂದೆಯ ಹೆಸರು ಸಿಕ್ಕಿದ್ದು ಹೀಗೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ನಮ್ಮ ಮೂಲ ಊರಿನಲ್ಲಿ ಮುತ್ತಜ್ಜನಿಂದ ಹಿಂದಕ್ಕೆ ಯಾರ ಹೆಸರೂ ಸಿಗುತ್ತಿರಲಿಲ್ಲ. ಈಗಿನ ಉತಾರಗಳಲ್ಲಿ (ಹೊಲದ ಪಹಣಿಗಳಲ್ಲಿ) ಅಡ್ಡಹೆಸರು ಹಿಡಿದು ಹುಡುಕಿ ಸೋತೆ. ತಪ್ಪು ಅಲ್ಲೇ ಇತ್ತು. ಹಿಡಿಯಬೇಕಾದದ್ದು ಹೆಸರನ್ನಲ್ಲ, ಹೊಲದ ಸರ್ವೆ ನಂಬರನ್ನು. ಅದನ್ನೇ ಬರೆದು, ಕೈಬರಹದ ಹಳೆಯ ಉತಾರ ಮತ್ತು ವಾರಸಾ (ಉತ್ತರಾಧಿಕಾರದ) ದಾಖಲೆಗಳ ನಕಲಿಗೆ ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಹಾಕಿದೆ. 1956ರವರೆಗೆ ಬೆಳಗಾವಿ ಮುಂಬಯಿ ಆಡಳಿತದಲ್ಲಿತ್ತಲ್ಲ, ಒಂದು ಹಾಳೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಅದನ್ನು ಬಲ್ಲ ಹಿರಿಯರೊಬ್ಬರು ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಮುತ್ತಜ್ಜನ ತಂದೆಯ ಹೆಸರನ್ನು ಓದಿ ಹೇಳಿದರು.

ಸುಗ್ಗಿಯ ನಂತರ, ಊರೂರು ತಿರುಗಿ ಮನೆತನಗಳ ವಂಶಾವಳಿ ಬರೆದಿಡುವ ಹೆಳವರು ಎತ್ತಿನೊಂದಿಗೆ ಬಂದಾಗ ನಮ್ಮ ಮನೆತನದ ಹೊತ್ತಿಗೆ ತೆಗೆಸಿದೆ. ಅದೇ ಹೆಸರು! ಅದರಾಚೆ ಇನ್ನೂ ಮೂರು ತಲೆಮಾರು. ಅಜ್ಜಿ ಮೊರದ ತುಂಬ ಜೋಳ ಕೊಟ್ಟು, ಈ ವರ್ಷ ಹುಟ್ಟಿದ ಮೊಮ್ಮಗಳ ಹೆಸರನ್ನೂ ಬರೆಸಿದರು.