ಲಕ್ಷ್ಮೀಶನ ಷಟ್ಪದಿಗೆ ನಾವು ಇಂಡಿ ರಾಕ್ ಕಟ್ಟಿದ್ದು ಹೀಗೆ

ಚಿಕ್ಕಮಗಳೂರಿನಲ್ಲಿ ನಾವು ಮೂವರು ಸೇರಿ ಹಾಡು ಕಟ್ಟುತ್ತೇವೆ. ನನ್ನದು ಗಿಟಾರ್, ತಮ್ಮನದು ಬೇಸ್, ಪಕ್ಕದ ಮನೆಯ ಹುಡುಗನದು ಡ್ರಮ್ಸ್. ಹಗಲು ನನಗೆ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ. ಇಷ್ಟವಾದ ಇಂಡಿ ಬ್ಯಾಂಡುಗಳ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡು ಕಟ್ಟುವವರ ಹಾಡನ್ನು ನಮ್ಮ ಥರ ನುಡಿಸುವುದು (ಕವರ್ ಮಾಡುವುದು), ಗೆಳೆಯರಿಗೆ ಹಂಚುವುದು ಮೊದಲಿಂದಲೂ ಇದೆ. ಈಚೆಗೆ ಜಾಸ್ತಿ ಜನ ಕೇಳುತ್ತಿರುವುದು ಒಂದೇ ಪ್ರಶ್ನೆ: ಲಕ್ಷ್ಮೀಶ ಕವಿಯ ಜೈಮಿನಿ ಭಾರತದ ಪದ್ಯಕ್ಕೆ ಡ್ರಮ್ಸ್, ಡಿಸ್ಟಾರ್ಷನ್ (ಗಿಟಾರ್ ದನಿಯನ್ನು ಒರಟು ಮಾಡುವ ಎಫೆಕ್ಟ್) ಹಾಕಿ ಹಾಡಿದ್ದು ಹೇಗೆ? ಅದನ್ನೇ ಬರೆಯುತ್ತೇನೆ. ಹಂಚುವ ವಿಚಾರವೂ ಅದರ ಜೊತೆಗೇ ಬರುತ್ತದೆ.

ಲಕ್ಷ್ಮೀಶನೇ ಯಾಕೆ ಅಂದರೆ, ಅವನು ನಮ್ಮ ಜಿಲ್ಲೆಯವನು. ಕಡೂರು ತಾಲ್ಲೂಕಿನ ದೇವನೂರು ಅವನ ಊರು ಅನ್ನುತ್ತಾರೆ. ಲಕ್ಷ್ಮೀರಮಣ ಅವನ ದೇವರು. ನಾದಲೋಲ ಅಂತ ಅವನಿಗೆ ಬಿರುದು. ಹಳ್ಳಿಗಳಲ್ಲಿ ಜೈಮಿನಿ ಓದಿಸಿ ಕೇಳುತ್ತಿದ್ದ ಕಾಲ ನಮ್ಮ ಅಜ್ಜಿಯರಿಗೆ ಚೆನ್ನಾಗಿ ನೆನಪಿತ್ತು. ನಮ್ಮ ದೊಡ್ಡಮ್ಮ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಕಲಿತವರು, ಚಂದ್ರಹಾಸನ ಕಥೆ ಇಡೀ ಬಾಯಿಗೆ ಬರುತ್ತದೆ. ಇಷ್ಟು ಹತ್ತಿರ ಇಂಥ ನಾದ ಇರುವಾಗ ಕವರ್ ಮಾಡಲು ದೂರ ಯಾಕೆ ಹುಡುಕಬೇಕು ಅನ್ನಿಸಿತು.

ಇನ್ನೊಂದು ಕಾರಣ ಹಕ್ಕಿನದು, ಅಂದರೆ ಕಾಪಿರೈಟಿನದು. ನಮ್ಮ ದೇಶದಲ್ಲಿ ಕವಿಯ, ಸಂಗೀತ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅಂದರೆ 2041 ಮುಗಿಯುವ ತನಕ ಅವರ ಕವಿತೆಗೆ ಮನೆಯವರ ಒಪ್ಪಿಗೆ ಬೇಕು. ಕುವೆಂಪು ಅವರದಕ್ಕೆ 2054 ಮುಗಿಯಬೇಕು. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ಕವಿತೆ ಈಗ ಎಲ್ಲರದು. ಲಕ್ಷ್ಮೀಶ, ಕುಮಾರವ್ಯಾಸ, ದಾಸರು, ವಚನಕಾರರು, ಶಿಶುನಾಳ ಶರೀಫರು ಎಲ್ಲರದೂ ಹಾಗೇ. ಇಲ್ಲಿ ಒಂದು ಎಚ್ಚರ ಬೇಕು. ಪದ ಹಳೆಯದಾದರೂ ಅದಕ್ಕೆ ಹಾಕಿದ ಧಾಟಿ ಹೊಸದಿರಬಹುದು. ಶರೀಫರ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ರಾಗ ನಮ್ಮ ಕಿವಿಯಲ್ಲಿ ಎಷ್ಟು ಕೂತಿದೆ ಅಂದರೆ, ಅದು ಪದದ ಜೊತೆಗೇ ಹುಟ್ಟಿದ್ದು ಅನ್ನಿಸುತ್ತದೆ. ಅವರು ತೀರಿಕೊಂಡದ್ದು 2009ರಲ್ಲಿ, ಆ ಸಂಗೀತದ ಹಕ್ಕು ಇನ್ನೂ ಇದೆ. ಆದ್ದರಿಂದ ನಾವು ಪುಸ್ತಕದಿಂದ ಮೂಲ ಪದ್ಯ ಮಾತ್ರ ತೆಗೆದುಕೊಂಡೆವು, ಧಾಟಿ ನಾವೇ ಕಟ್ಟಿದೆವು.

ಈಗ ಮುಖ್ಯ ವಿಷಯ, ಲೆಕ್ಕ. ಜೈಮಿನಿ ಭಾರತ ಇರುವುದು ವಾರ್ಧಕ ಷಟ್ಪದಿಯಲ್ಲಿ. ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ಐದೈದು ಮಾತ್ರೆ ಸೇರಿ ಒಂದು ಗಣ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ನಾಲ್ಕು ಗಣ, ಅಂದರೆ 20 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ ಆರು ಗಣ, ಕೊನೆಗೆ ಒಂದು ಗುರು. ಇಡೀ ಪದ್ಯ 144 ಮಾತ್ರೆ. ನಾವು ಕೇಳಿ ಬೆಳೆದ ರಾಕ್ ಹಾಡುಗಳು ಬಹುಪಾಲು ನಾಲ್ಕರ ಎಣಿಕೆಯವು. ಐದರ ಪದ್ಯವನ್ನು ನಾಲ್ಕಕ್ಕೆ ಕೂರಿಸಬೇಕಾದರೆ ಎಲ್ಲೋ ಒಂದು ಅಕ್ಷರ ಎಳೆಯಬೇಕು, ಇಲ್ಲವೇ ಮೊಟಕು ಮಾಡಬೇಕು. ಕನ್ನಡದಲ್ಲಿ ಹ್ರಸ್ವ ಎಳೆದರೆ ಬಳೆ ಹೋಗಿ ಬಾಳೆ ಆಗುತ್ತದೆ. ಅದು ಬೇಡ, ಡ್ರಮ್ಸೇ ಐದಕ್ಕೆ ಬರಲಿ ಅಂತ ತೀರ್ಮಾನಿಸಿದೆವು.

ಹತ್ತು ಮಾತ್ರೆಗೆ ಒಂದು ಬಾರ್, ಅಂದರೆ ತಾಳದ ಒಂದು ಸುತ್ತು, ಇಟ್ಟುಕೊಂಡೆವು. ಆಗ ಮೊದಲ ಸಾಲು ಎರಡು ಬಾರ್, ಎರಡನೆಯದೂ ಎರಡು, ಮೂರನೆಯದು ಮೂರು. ಕೊನೆಗೆ ಉಳಿಯುವ ಗುರುವನ್ನು ಗಮಕಿಗಳು ಹೇಗೂ ಎಳೆದು ನಿಲ್ಲಿಸುತ್ತಾರೆ. ಆ ನಿಲುಗಡೆಗೆ ಒಂದು ಪೂರ್ತಿ ಬಾರ್ ಕೊಟ್ಟೆವು. ಎರಡು, ಎರಡು, ಮೂರು, ಒಂದು. ಒಟ್ಟು ಎಂಟು ಬಾರ್! ಅರ್ಧ ಪದ್ಯಕ್ಕೆ ಎಂಟು, ಇಡೀ ಪದ್ಯಕ್ಕೆ ಹದಿನಾರು. ರಾಕ್ ಹಾಡಿನಲ್ಲಿ ಒಂದು ಚರಣಕ್ಕೆ ಸಾಮಾನ್ಯವಾಗಿ ಇರುವ ಅಳತೆಯೇ ಇದು. ಕಾಗದದ ಮೇಲೆ ಈ ಲೆಕ್ಕ ಕೂಡಿ ಬಂದ ಸಂಜೆ ನಮಗಾದ ಖುಷಿ ಹೇಳತೀರದು. ಗುರು ಎಳೆಯುವ ಆ ಎಂಟನೇ ಬಾರ್‌ನಲ್ಲಿ ಡ್ರಮ್ಸ್ ಹುಡುಗ ಫಿಲ್ (ಖಾಲಿ ಜಾಗ ತುಂಬುವ ಉರುಳು ಪೆಟ್ಟು) ಹೊಡೆಯುತ್ತಾನೆ. ಕೇಳುವವರಿಗೆ ಪದ್ಯದ ಅರ್ಧ ಮುಗಿಯಿತು ಅಂತ ತಾನಾಗಿ ಗೊತ್ತಾಗುತ್ತದೆ.

ವೇಗ ನಿಮಿಷಕ್ಕೆ 180 ಮಾತ್ರೆ. ಒಂದು ಪದ್ಯಕ್ಕೆ ಹತ್ತಿರ ಹತ್ತಿರ 53 ಸೆಕೆಂಡು ಹಿಡಿಯುತ್ತದೆ. ಮೂರು ಪದ್ಯ, ನಡುವೆ ಗಿಟಾರ್, ಎಲ್ಲ ಸೇರಿ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ.

ಡ್ರಮ್ಸ್ ಹುಡುಗ ಮೊದಲು ‘ತಕ ತಕಿಟ’ ಅಂತ ಎರಡು-ಮೂರಕ್ಕೆ ಬಲವಾಗಿ ಒತ್ತು ಕೊಟ್ಟು ನುಡಿಸಿ ತೋರಿಸಿದ. ಕೇಳಲು ಮಜವಾಗಿತ್ತು. ಹಾಡುವವರು ದೊಡ್ಡಮ್ಮ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಪುಟ್ಟಾ, ಗಣ ಬಿಡಿಸಿ ಓದಿದ್ರೆ ಪದ ಮುರಿಯುತ್ತೆ. ಅರ್ಥ ಬಿಡಿಸಿ ಓದಬೇಕು" ಅಂದರು.

"ಹಾಗಾದ್ರೆ ತಾಳ ಬೇಡ್ವಾ ದೊಡ್ಡಮ್ಮ?" ಅಂದೆ.

"ಬೇಡ ಅಂದ್ನಾ? ಸಾಲು ಶುರುವಾಗೋ ಕಡೆ ನೀವು ಇರಿ. ನಡುವೆ ನನ್ನ ಬಿಟ್ಟುಬಿಡಿ."

ಇಡೀ ಹಾಡು ನಿಂತಿರುವುದು ಈ ಮಾತಿನ ಮೇಲೆ. ಲಕ್ಷ್ಮೀಶನ ಪದಗಳು ಗಣದ ಗೆರೆ ದಾಟಿ ಹೋಗುತ್ತವೆ. ಒಂದು ಕಡೆ ಎರಡು-ಮೂರು, ಇನ್ನೊಂದು ಕಡೆ ಮೂರು-ಎರಡು, ಕೆಲವು ಕಡೆ ಎರಡು ಗಣ ಸೇರಿ ಒಂದೇ ಸಮಾಸ. ಗಮಕ ವಾಚನಕ್ಕೆ ತಾಳದ ಕಟ್ಟು ಇಲ್ಲದಿರುವುದೂ ಅದಕ್ಕೇ ಇರಬೇಕು. ಹಾಗಾಗಿ ಕಿಕ್ ಡ್ರಮ್ ಪ್ರತಿ ಹತ್ತರ ಮೊದಲ ಮಾತ್ರೆಗೆ ಮಾತ್ರ ಬೀಳುತ್ತದೆ. ಬೇಸ್ ಐದರ ತಲೆಯಲ್ಲಿ ಮೆತ್ತಗೆ ಒಂದು ಸ್ವರ ಕೊಡುತ್ತದೆ. ನಡುವಿನ ಮಾತ್ರೆಗಳಲ್ಲಿ ಹೈಹ್ಯಾಟ್ ಒಂದೇ ಸಮ ಓಡುತ್ತದೆ, ಎಲ್ಲೂ ಒತ್ತು ಇಲ್ಲ. ದನಿಗೆ ಬೇಕಾದ ಹಾಗೆ ಪದ ಕೂಡಿಸಿಕೊಳ್ಳಲು ಜಾಗ ಸಿಗುತ್ತದೆ.

ಇನ್ನೊಂದು ಒತ್ತು ಪದ್ಯವೇ ಕೊಟ್ಟಿತು. ಷಟ್ಪದಿಯಲ್ಲಿ ಆರೂ ಸಾಲಿನ ಎರಡನೇ ಅಕ್ಷರಕ್ಕೆ ಒಂದೇ ವ್ಯಂಜನ, ಆದಿಪ್ರಾಸ. ಅದರ ನಿಯಮ ಏನೆಂದರೆ, ಮೊದಲ ಸಾಲಿನ ಮೊದಲಕ್ಷರ ಗುರುವಾದರೆ ಮಿಕ್ಕ ಸಾಲಿಗೂ ಗುರುವೇ, ಲಘುವಾದರೆ ಲಘುವೇ. ಅಂದರೆ ಒಂದು ಪದ್ಯದೊಳಗೆ ಪ್ರಾಸದ ಅಕ್ಷರ ಆರೂ ಸಾಲಲ್ಲಿ ಅದೇ ಮಾತ್ರೆಯಲ್ಲಿ ಬಂದು ಬೀಳುತ್ತದೆ. ಲಘು ಇದ್ದರೆ ಎರಡನೇ ಮಾತ್ರೆ, ಗುರು ಇದ್ದರೆ ಮೂರನೆಯದು. ಸರಿಯಾಗಿ ಅಲ್ಲಿ ಸ್ನೇರ್‌ನ ಅಂಚಿಗೆ ಒಂದು ಟಕ್. ಅಷ್ಟೇ. ಪ್ರಾಸ ಅಂದರೇನು ಅಂತ ಗೊತ್ತಿಲ್ಲದ ಹುಡುಗರೂ ಎರಡನೇ ಪದ್ಯದ ಹೊತ್ತಿಗೆ ಆ ಟಕ್‌ಗೆ ಕಾಯುತ್ತಾರೆ. ಶಾಲೆಯಲ್ಲಿ ಛಂದಸ್ಸು ಹೇಳಿಕೊಡುವಾಗ ಹೀಗೆ ನುಡಿಸಿ ತೋರಿಸಿದರೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ?

ರಾಗಕ್ಕೆ ಮಧ್ಯಮಾವತಿ ಆರಿಸಿಕೊಂಡೆವು. ಸ ರಿ ಮ ಪ ನಿ, ಐದೇ ಸ್ವರ, ಗಾಂಧಾರ (ಗ) ಇಲ್ಲ. ಗಿಟಾರ್ ಹಿಡಿದವರಿಗೆ ಇದು ವರ. ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಮೇಜರ್ರೋ ಮೈನರ್ರೋ ಅಂತ ಹೇಳುವುದು ಗಾಂಧಾರ. ಅದಿಲ್ಲ ಅಂದರೆ ಉಳಿಯುವುದು ಸ ಮತ್ತು ಪ, ಅಂದರೆ ಪವರ್ ಕಾರ್ಡ್. ಡಿಸ್ಟಾರ್ಷನ್ ಹಾಕಿದರೆ ಮೇಜರ್ ಕಾರ್ಡ್ ಗಜಿಬಿಜಿ ಆಗುತ್ತದೆ, ಪವರ್ ಕಾರ್ಡ್ ಮಾತ್ರ ದಪ್ಪಗೆ, ತಿಳಿಯಾಗಿ ನಿಲ್ಲುತ್ತದೆ. ರಾಗಕ್ಕೂ ಅಪಚಾರ ಇಲ್ಲ, ರಾಕ್‌ಗೂ ಕೊರತೆ ಇಲ್ಲ.

ದೊಡ್ಡಮ್ಮನ ಶ್ರುತಿ ಜಿ ಶಾರ್ಪ್. ನಾನು ಮೊದಲ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತುವ ಕ್ಲಿಪ್ಪು) ಹಾಕಿ ಜಿ ಆಕಾರದಲ್ಲಿ ನುಡಿಸುತ್ತೇನೆ. ನೀವು ಮಾಡುವುದಾದರೆ ಇದನ್ನು ಗಮನಿಸಿ. ಮಾಮೂಲಿ ಜಿ ಕಾರ್ಡ್ ಹಿಡಿದರೆ ಐದನೇ ತಂತಿಯಲ್ಲೂ ಎರಡನೇ ತಂತಿಯಲ್ಲೂ ಬಿ ಸ್ವರ ಬರುತ್ತದೆ. ಅದೇ ಗಾಂಧಾರ. ಐದನೇ ತಂತಿಯನ್ನು ಬೆರಳ ತುದಿ ತಾಗಿಸಿ ಮುಚ್ಚಿಬಿಡಿ. ಎರಡನೇ ತಂತಿಯನ್ನು ಕೇಪೋದಿಂದ ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಡಿ ಮಾಡಿಕೊಳ್ಳಿ. ಆಮೇಲೆ ಸಿ ಸಸ್ ಟೂ, ಎಫ್ ಸಸ್ ಟೂ, ಡಿ ಸಸ್ ಫೋರ್. ಈ ಕಾರ್ಡುಗಳಲ್ಲಿ ಇರುವುದೆಲ್ಲ ರಾಗದ ಸ್ವರಗಳೇ. ಪದ್ಯ ನಡೆಯುವಾಗ ಇವನ್ನು ಒಂದೊಂದೇ ತಂತಿ ಮೀಟಿ ಬಿಡಿಸಿ ನುಡಿಸುತ್ತೇನೆ. ಡಿಸ್ಟಾರ್ಷನ್ ತುಳಿಯುವುದು ಎಂಟನೇ ಬಾರ್‌ನಲ್ಲಿ ಮಾತ್ರ. ಪದದ ಮೇಲೆ ಗಿಟಾರ್ ಕೂರಬಾರದು.

ರೆಕಾರ್ಡಿಂಗ್ ನಡೆದದ್ದು ಗೆಳೆಯನ ತೋಟದ ಗೋದಾಮಿನಲ್ಲಿ. ಮೇಲೆ ಶೀಟು. ಮಳೆಗಾಲದಲ್ಲಿ ಅಲ್ಲಿ ಮಾತಾಡಿದರೇ ಕೇಳುವುದಿಲ್ಲ, ಹಾಗಾಗಿ ಕೆಲಸ ಇಟ್ಟುಕೊಂಡದ್ದು ಕೊಯ್ಲಿನ ಕಾಲದಲ್ಲಿ. ಆಗ ಗೋದಾಮಿನ ತುಂಬ ಒಣಗಿದ ಕಾಫಿಯ ಗೋಣಿಚೀಲ ಪೇರಿಸಿರುತ್ತಾರೆ. ದನಿ ಗೋಡೆಗೆ ಬಡಿದು ವಾಪಸ್ ಬರದಂತೆ ಹೀರಿಕೊಳ್ಳಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಮೂರು ಕಡೆ ಚೀಲದ ಗೋಡೆ, ತಲೆಯ ಮೇಲೆ ಹಗ್ಗ ಕಟ್ಟಿ ಇಳಿಬಿಟ್ಟ ಕಂಬಳಿ, ನಡುವೆ ದೊಡ್ಡಮ್ಮನಿಗೆ ಒಂದು ಕುರ್ಚಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಪ, ಬ ಬಂದಾಗ ಉಸಿರು ನೇರ ಮೈಕಿಗೆ ಬಡಿಯುವುದಿಲ್ಲ. ಅವರ ಕಿವಿಗೆ ಕ್ಲಿಕ್ ಹಾಕಲಿಲ್ಲ, ಬೇಸ್ ಮತ್ತು ತಂಬೂರಿ ಮಾತ್ರ ಕೇಳಿಸಿದೆವು. ಮಷಿನ್ನಿನ ಟಿಕ್ ಟಿಕ್ ಹಿಂದೆ ಹೋಗುವ ದನಿಗೂ ತಮ್ಮನ ಬೇಸ್ ಜೊತೆ ನಡೆಯುವ ದನಿಗೂ ಬಹಳ ವ್ಯತ್ಯಾಸ ಇದೆ. ರೆಕಾರ್ಡ್ ಮಾಡಿದ್ದು ರೀಪರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, 48 ಕಿಲೋಹರ್ಟ್ಸ್, 24 ಬಿಟ್. ಕರೆಂಟು ಹೋದರೂ ಕೆಲಸ ನಿಲ್ಲದ ಹಾಗೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ನಡೆಸಿದೆವು.

ಮಿಕ್ಸ್ ಮಾಡುವಾಗ ಒಂದು ಮಾತು ನೆನಪಿಡಬೇಕು. ನಮ್ಮ ಕಡೆ ಜನ ಹಾಡು ಕೇಳುವುದು ಫೋನ್ ಸ್ಪೀಕರ್‌ನಲ್ಲಿ, ಇಲ್ಲವೇ ಜೀಪಿನಲ್ಲಿ. ಬೇಸ್ ಗಿಟಾರಿನ ತೀರ ತಗ್ಗು ಸ್ವರದ ತಂತಿ 41 ಹರ್ಟ್ಸ್, ಅದು ಫೋನಿನಲ್ಲಿ ಬರುವುದೇ ಇಲ್ಲ. ಬೇಸ್‌ಗೆ ಚೂರು ಡಿಸ್ಟಾರ್ಷನ್ ಕೊಟ್ಟರೆ ಮೇಲಿನ ಹಾರ್ಮೋನಿಕ್ಸ್ ಎದ್ದು ಬರುತ್ತವೆ, ಆಗ ಕಿವಿ ಅದನ್ನು ಹಿಡಿಯುತ್ತದೆ. ಶಬ್ದದ ಮಟ್ಟ ಮೈನಸ್ 14 ಲಫ್ಸ್ (LUFS, ಹಾಡು ಎಷ್ಟು ಜೋರು ಅನ್ನುವ ಅಳತೆ) ಹತ್ತಿರ ಬಿಟ್ಟೆವು. ಯೂಟ್ಯೂಬ್, ಸ್ಪಾಟಿಫೈ ಎರಡೂ ಜಾಸ್ತಿ ಇದ್ದದ್ದನ್ನು ಆ ಮಟ್ಟಕ್ಕೇ ಇಳಿಸುತ್ತವೆ. ಸುಮ್ನೆ ಹಿಂಡಿ ಜೋರು ಮಾಡಿದರೆ ದೊಡ್ಡಮ್ಮನ ದನಿಯ ಏರಿಳಿತ ಹೋಗುತ್ತದೆ, ಲಾಭ ಏನೂ ಇಲ್ಲ.

ಹಂಚುವುದಕ್ಕೆ ನಾವು ಇವತ್ತಿಗೂ ಪೆನ್‌ಡ್ರೈವ್ ನೆಚ್ಚಿಕೊಂಡಿದ್ದೇವೆ. ಮೂಡಿಗೆರೆ, ಕೊಪ್ಪದ ಕಡೆಯ ತೋಟಗಳಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೀಪಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು. ಅದನ್ನು ಫ್ಯಾಟ್ 32ಗೆ ಫಾರ್ಮ್ಯಾಟ್ ಮಾಡಿ, 320 ಕೆಬಿಪಿಎಸ್ ಎಂಪಿ3 ಹಾಕಿ. ಹಳೆಯ ಕಾರ್ ಸ್ಟೀರಿಯೋಗಳು ಕನ್ನಡ ಅಕ್ಷರದ ಬದಲು ಡಬ್ಬಿ ತೋರಿಸುತ್ತವೆ. ಅದಕ್ಕೇ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು, ಒಳಗಿನ ಟ್ಯಾಗ್‌ನಲ್ಲಿ ಕನ್ನಡ ಇಡುತ್ತೇವೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದ ಹಾಗೇ ತಲುಪುತ್ತದೆ. ಪ್ರತಿ ಹಾಡಿನ ಜೊತೆ ಪದ್ಯ ಯಾರದು, ಧಾಟಿ ಯಾರದು, ಹಾಡಿದ್ದು, ನುಡಿಸಿದ್ದು ಯಾರು ಅಂತ ಬರೆದಿರುತ್ತೇವೆ. ಟ್ಯಾಗ್‌ನ ಒಳಗೇ ಇದ್ದರೆ ಫೈಲ್ ಎಷ್ಟು ಕೈ ದಾಟಿದರೂ ಹೆಸರು ಜೊತೆಗೇ ಹೋಗುತ್ತದೆ. ಇದರಲ್ಲಿ ನನಗೆ ಹಟ ಇದೆ. ಕವಿಯ ಹೆಸರಿಲ್ಲದೆ ಹಾಡು ಕಳಿಸುವುದನ್ನು ಕಂಡರೆ ಸಂಕಟ ಆಗುತ್ತದೆ.

ಈಗಿನ ಬ್ಯಾಂಡುಗಳ ಹಾಡು ಕವರ್ ಮಾಡುವುದು ಬೇರೆ ದಾರಿ. 2012ರ ತಿದ್ದುಪಡಿ ಆದ ಮೇಲೆ ಕಾಪಿರೈಟ್ ಕಾಯ್ದೆಯಲ್ಲಿ 31ಸಿ ಅಂತ ಒಂದು ಸೆಕ್ಷನ್ ಇದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗೆ ರಾಯಲ್ಟಿ ಮುಂಗಡ ಕಟ್ಟಬೇಕು. ಅದು ದೊಡ್ಡ ಕಂಪನಿಗಳ ಲೆಕ್ಕ. ನಮ್ಮಂಥವರಿಗೆ ನೇರವಾಗಿ ಕೇಳುವುದೇ ದಾರಿ. ಇಂಡಿ ಬ್ಯಾಂಡುಗಳಲ್ಲಿ ಎಷ್ಟೋ ಕಡೆ ಹಾಡು ಬರೆದವರೇ ಹಕ್ಕುದಾರರು, ಅವರೇ ಮೇಲ್ ಓದುತ್ತಾರೆ. ಯಾವ ಹಾಡು, ಪದ ಬದಲಿಸುತ್ತೇವೋ ಇಲ್ಲವೋ, ಎಲ್ಲಿ ಹಾಕುತ್ತೇವೆ, ದುಡ್ಡು ತೆಗೆದುಕೊಳ್ಳುತ್ತೇವೋ ಅಂತ ನಾಲ್ಕು ಸಾಲು ಬರೆದು, ಫೋನಲ್ಲಿ ರೆಕಾರ್ಡ್ ಮಾಡಿದ ಒಂದು ಕಚ್ಚಾ ಪ್ರತಿ ಜೊತೆಗಿಡಿ. ಬೆಂಗಳೂರಿನ ಒಂದು ಬ್ಯಾಂಡಿನವರು ನಮಗೆ ಖುಷಿಯಿಂದ ಒಪ್ಪಿಗೆ ಕೊಟ್ಟರು. ಅಷ್ಟೇ ಅಲ್ಲ, ತಮ್ಮ ಡ್ರಮ್ಸ್ ಟ್ರ್ಯಾಕನ್ನೂ ಬಿಡಿಯಾಗಿ ಕಳಿಸಿ, ನೀವು ಕೇಳಿ ಕಲಿಯಿರಿ ಅಂದರು.

ಅದನ್ನು ನೋಡಿ ನಾವೂ ಹಾಗೇ ಮಾಡುತ್ತಿದ್ದೇವೆ. ಲಕ್ಷ್ಮೀಶನ ಹಾಡಿನ ಬಿಡಿ ಟ್ರ್ಯಾಕುಗಳನ್ನು ಕೇಳಿದವರಿಗೆಲ್ಲ ಕೊಡುತ್ತೇವೆ, ದೊಡ್ಡಮ್ಮನ ದನಿಯೊಂದನ್ನು ಬಿಟ್ಟು. ಹಾಡುವವರು ತಮ್ಮ ದನಿಯಲ್ಲೇ ಹಾಡಲಿ ಅಂತ ಅವರ ಆಸೆ. ಹಾಸನದ ಕಾಲೇಜು ಹುಡುಗಿಯರ ಗುಂಪೊಂದು ತೆಗೆದುಕೊಂಡು ಹೋಗಿ, ವೇಗ 150ಕ್ಕೆ ಇಳಿಸಿ, ಡಿಸ್ಟಾರ್ಷನ್ ಬದಲು ಪಿಟೀಲು ಹಾಕಿದೆ. ಮೂರನೇ ಸಾಲಿನ ಆರು ಗಣ ಅವರಲ್ಲಿ ನಮ್ಮದಕ್ಕಿಂತ ಚೆನ್ನಾಗಿ ಉಸಿರಾಡುತ್ತದೆ. ಕೊಯ್ಲು ಶುರುವಾಗಿ ಗೋದಾಮು ತುಂಬಿದ ಮೇಲೆ ಅವರನ್ನೂ ಕರೆಸಿಕೊಂಡು ಜೈಮಿನಿಯಲ್ಲೇ ಬರುವ ಸುಧನ್ವನ ಪದ್ಯಗಳಿಗೆ ಕೂರಬೇಕು ಅಂತಿದ್ದೇವೆ. ದೊಡ್ಡಮ್ಮ ಆಗಲೇ ಪುಸ್ತಕದಲ್ಲಿ ಗುರುತು ಹಾಕಲು ಶುರು ಮಾಡಿದ್ದಾರೆ.