ಸಂಸಾರ ಕೋಣೆ ತೆರೆದಾಗ ಏನು ನೋಡಬೇಕು?

ಜೇನುಪೆಟ್ಟಿಗೆಯಲ್ಲಿ ಮೊಟ್ಟೆ, ಮರಿಗಳು ಬೆಳೆಯುವ ಭಾಗವೇ ಸಂಸಾರ ಕೋಣೆ, ಆ ಮೊಟ್ಟೆ ಮರಿಗಳೇ ಸಂಸಾರ. ಪೆಟ್ಟಿಗೆ ತೆರೆದ ಕೂಡಲೇ ಹೊಸಬರು ರಾಣಿಯನ್ನು ಹುಡುಕಲು ಶುರು ಮಾಡುತ್ತಾರೆ. ಅವಳು ಸಿಗುವಷ್ಟರಲ್ಲಿ ನೊಣಗಳಿಗೆ ಸಿಟ್ಟು ಬಂದಿರುತ್ತದೆ. ಅಷ್ಟೆಲ್ಲ ಒದ್ದಾಟ ಬೇಕಿಲ್ಲ. ಮೇಣದ ಎರಿಯಲ್ಲಿರುವ ಪುಟ್ಟ ಗೂಡು, ಅಂದರೆ ಕಣದ ತಳದಲ್ಲಿ ನೆಟ್ಟಗೆ ನಿಂತ ಮೊಟ್ಟೆ ಕಂಡರೆ ಸಾಕು, ಒಂದು ದಿನದ ಹಿಂದೆ ಅವಳು ಅಲ್ಲೇ ಇದ್ದಳು.

ಬಿಸಿಲಿರುವ, ಗಾಳಿ ಕಡಿಮೆಯಿರುವ ಹೊತ್ತು ಆರಿಸಿಕೊಳ್ಳಿ. ಆಗ ಮೇವಿಗೆ ಹೋಗುವ ಹಿರಿಯ ನೊಣಗಳು ಹೊರಗಿರುತ್ತವೆ. ಮುಖಪರದೆ ಹಾಕಿಕೊಂಡು, ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಲ್ಲಿ. ಹೊಗೆತಿದಿಯಿಂದ ಬಾಗಿಲಿಗೆ ಎರಡು ಮೂರು ಸಲ ತಣ್ಣನೆಯ ಹೊಗೆ ಕೊಟ್ಟು, ಸ್ವಲ್ಪ ತಡೆದು ಮುಚ್ಚಳ ತೆಗೆಯಿರಿ.

ಎರಿ ಇರುವ ಚೌಕಟ್ಟುಗಳಲ್ಲಿ ಮೊದಲು ಅಂಚಿನದನ್ನು ತೆಗೆದು ಪಕ್ಕಕ್ಕಿಡಿ. ಜಾಗ ಸಿಕ್ಕಿದ ಮೇಲೆ ಉಳಿದವನ್ನು ಒಂದೊಂದಾಗಿ ನಿಧಾನ ಮೇಲೆತ್ತಿ. ಚೌಕಟ್ಟನ್ನು ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಿ, ರಾಣಿ ಬಿದ್ದರೂ ಒಳಗೇ ಬೀಳುತ್ತಾಳೆ. ಬಿಸಿಲು ನಿಮ್ಮ ಹೆಗಲ ಮೇಲಿಂದ ಬಂದು ಕಣದ ತಳ ಮುಟ್ಟಬೇಕು. ಇಲ್ಲದಿದ್ದರೆ ಮೊಟ್ಟೆ ಕಾಣುವುದೇ ಇಲ್ಲ.

ಇನ್ನು ಲೆಕ್ಕ. ನನ್ನ ಮಟ್ಟಿಗೆ ಇಡೀ ತಪಾಸಣೆಯ ಜೀವ ಇದೇ. ಮೆಲ್ಲಿಫೆರಾ ಎಂಬ ಯುರೋಪಿಯನ್ ಜೇನಿನಲ್ಲಿ ಕೆಲಸಗಾರ ನೊಣ 21 ದಿನಕ್ಕೆ ಹೊರಬರುತ್ತದೆ. ಸುಮಾರು 3 ದಿನ ಮೊಟ್ಟೆ, 6 ದಿನ ಮರಿಹುಳು, 12 ದಿನ ಮೇಣದಿಂದ ಮುಚ್ಚಿದ ಕಣ. ರಾಣಿ ದಿನವೂ ಒಂದೇ ಸಮ ಮೊಟ್ಟೆ ಇಡುತ್ತಿದ್ದರೆ ಈ ಮೂರೂ 1:2:4 ಆಗಿ ಕಾಣಬೇಕು. ಮುಚ್ಚಿದ ಕಣಗಳಿಗೆ ಹೋಲಿಸಿದರೆ ಮೊಟ್ಟೆ, ಮರಿಹುಳು ಜಾಸ್ತಿ ಇವೆಯೇ? ಕುಟುಂಬ ಬೆಳೆಯುತ್ತಿದೆ. ಮುಚ್ಚಿದ್ದು ಬೇಕಾದಷ್ಟು, ಮೊಟ್ಟೆ ಮಾತ್ರ ಕಡಿಮೆಯೇ? ಇವತ್ತು ನೊಣ ಕಿಕ್ಕಿರಿದು ಕಂಡರೂ ಇಡುವ ವೇಗ ತಗ್ಗಿದೆ. ನೊಣದ ಗುಂಪು ನೋಡಿ ಖುಷಿಪಡುವವರು ಇಲ್ಲೇ ಎಡವುವುದು. ಗುಂಪು ಹೇಳುವುದು ಕೆಲವು ವಾರಗಳ ಹಿಂದಿನ ಸುದ್ದಿ, ಅಲ್ವಾ?

ಆರೋಗ್ಯವಾದ ಸಂಸಾರ ಎರಿಯ ನಡುವೆ ದಟ್ಟವಾಗಿ ಹಬ್ಬಿರುತ್ತದೆ. ಸುತ್ತ ಪರಾಗ, ಮೇಲಂಚಿಗೆ ಜೇನು. ಕಣದ ಮುಚ್ಚಳಗಳು ತಿಳಿಕಂದು ಬಣ್ಣದವು, ತುಸು ಉಬ್ಬಿರುತ್ತವೆ. ನಡುನಡುವೆ ಖಾಲಿ ಕಣ ಕಂಡ ಕೂಡಲೇ ರಾಣಿಯನ್ನು ದೂರಬೇಡಿ. ಒಳಗೆ ಇಣುಕಿ ನೋಡಿ. ಹೊಸ ಮೊಟ್ಟೆ ಇದ್ದರೆ, ಅಲ್ಲಿಂದ ಮರಿ ಈಗಷ್ಟೇ ಹೊರಬಂದಿದೆ, ರಾಣಿ ಮತ್ತೆ ತುಂಬಿಸಿದ್ದಾಳೆ. ಒಂದೇ ಕಣದಲ್ಲಿ ಹಲವು ಮೊಟ್ಟೆ, ಅದೂ ಗೋಡೆಗೆ ಅಂಟಿದ್ದರೆ ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಇಡುತ್ತಿರುವ ಸಾಧ್ಯತೆ ಹೆಚ್ಚು. ಕುಸಿದ, ತೂತು ಬಿದ್ದ ಮುಚ್ಚಳ, ಕೆಟ್ಟ ವಾಸನೆ ಇದ್ದರೆ ರೋಗದ ಅನುಮಾನ. ಆ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕದೆ ತಿಳಿದವರಿಗೆ ತೋರಿಸಿ.

ಸಂಸಾರ ಜೋರಾಗಿ ಬೆಳೆಯುತ್ತಿದ್ದರೆ ಎರಡು ಚಿಂತೆ. ಒಂದು ಹೊಟ್ಟೆಯದು. ಮರಿಗಳಿಗೆ ಉಣಿಸಲು ಪರಾಗ, ಜೇನು ಎರಡೂ ಬೇಗ ಖರ್ಚಾಗುತ್ತವೆ. ಕೆಲವು ದಿನ ಮಳೆ ಹಿಡಿದು ನೊಣ ಹೊರಬೀಳದಿದ್ದರೆ ತುಂಬಿದ ಕುಟುಂಬವೇ ಮೊದಲು ಹಸಿಯುವುದು. ಸಂಗ್ರಹ ಕಡಿಮೆಯಿದ್ದರೆ ಸಕ್ಕರೆ ಪಾಕ ಕೊಡಿ. ಇನ್ನೊಂದು ಜಾಗದ್ದು. ಹತ್ತು ಚೌಕಟ್ಟಿನಲ್ಲಿ ಏಳೆಂಟು ನೊಣದಿಂದ ಮುಚ್ಚಿದ್ದರೆ ಮೇಲೆ ಜೇನು ಕೋಣೆ ಇಡುವ ಸಮಯ ಬಂತು. ತಡವಾದರೆ ಕುಟುಂಬ ಎರಡು ಪಾಲಾಗಿ ಒಂದು ಪಾಲು ಹಾರಿಹೋಗಬಹುದು.

ಎರಿಯ ಕೆಳ ಅಂಚನ್ನು ಮರೆಯದೆ ನೋಡಿ. ಕೆಳಮುಖವಾಗಿ ಜೋತುಬಿದ್ದ, ಹೊಸ ರಾಣಿ ಬೆಳೆಯುವ ಕಣದೊಳಗೆ ಮೊಟ್ಟೆಯೋ ಮರಿಹುಳುವೋ ಇದ್ದರೆ ಪಾಲಾಗುವ ತಯಾರಿ ಶುರುವಾಗಿದೆ. ಮೊಟ್ಟೆ ಇಟ್ಟ ಎಂಟೊಂಬತ್ತು ದಿನಕ್ಕೆ ಆ ಕಣ ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ಆ ಹೊತ್ತಿಗೇ ಹಳೆಯ ರಾಣಿ ಅರ್ಧಕ್ಕರ್ಧ ನೊಣಗಳೊಂದಿಗೆ ಹೊರಟುಬಿಡುತ್ತಾಳೆ. ಹಾಗಾಗಿ ಹೂವಿನ ಕಾಲದಲ್ಲಿ ತಪಾಸಣೆ ವಾರಕ್ಕೊಮ್ಮೆ ಇರಲಿ.