ಹದಿನೇಳನೆಯ ಶತಮಾನದ ಇಂಗ್ಲಿಷ್ ಹೆಣ್ಣುಮಗಳ ತವರು ಹುಡುಕುವುದು ಹೇಗೆ?

ಇಂಗ್ಲೆಂಡಿನ ಸಾಮಾನ್ಯ ರೈತನ ಹೆಂಡತಿಯ ವಂಶಾವಳಿ ಹುಡುಕಲು ಹೊರಟವರು ಎಡವುವುದು ಅವಳ ತವರಿನ ಹೊಸ್ತಿಲಲ್ಲಿ. ಹೆಸರು ಹೊಂದಿತೆಂದು ಸಿಕ್ಕ ಎಲಿಜಬೆತ್‌ಳನ್ನೇ ಒಪ್ಪಿಕೊಂಡುಬಿಡುತ್ತಾರೆ. ಎಲಿಜಬೆತ್, ಮೇರಿ, ಆನ್, ಮಾರ್ಗರೆಟ್ ಊರೂರಿನಲ್ಲೂ ಇದ್ದರು.

ಸಮಾಧಿಯಿಂದ ಹಿಂದಕ್ಕೆ ನಡೆಯಿರಿ: ಸಾವು, ಮಕ್ಕಳ ದೀಕ್ಷಾಸ್ನಾನ, ಮದುವೆ. ಇವು ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆರಂಭಿಸಿದ ಪ್ಯಾರಿಷ್ (ಊರಿನ ಚರ್ಚಿನ) ದಾಖಲೆ ಪುಸ್ತಕಗಳಲ್ಲಿವೆ. ಪುಸ್ತಕ ನಾಶವಾಗಿದ್ದರೆ ಬಿಷಪ್‌ಗೆ ಕಳುಹಿಸುತ್ತಿದ್ದ ಪ್ರತಿಯನ್ನು ಕೇಳಿ. 1752ಕ್ಕೆ ಮೊದಲು ಅಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. 1620ರ ಮೇನಲ್ಲಿ ಮದುವೆ, 1620ರ ಫೆಬ್ರವರಿಯಲ್ಲಿ ಮಗು ಎಂದಿದ್ದರೆ ಗಾಬರಿ ಬೇಡ, ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1621.

ಕಷ್ಟವಿರುವುದು ಇನ್ನು ಮುಂದೆ. ದೀಕ್ಷಾಸ್ನಾನದ ಸಾಲಿನಲ್ಲಿ ಎಷ್ಟೋ ಸಲ ತಂದೆಯ ಹೆಸರು ಮಾತ್ರ ಇರುತ್ತದೆ, ತಾಯಿ ಇರುವುದೇ ಇಲ್ಲ. ಆದ್ದರಿಂದ ಉಯಿಲುಗಳಿಗೆ ಹೋಗಿ. ಅವಳದ್ದಲ್ಲ: ಗಂಡನಿರುವ ಹೆಂಗಸು ಅವನ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಉಯಿಲು ಬರೆಯುವಂತಿರಲಿಲ್ಲ. ತಂದೆ, ಅಣ್ಣತಮ್ಮಂದಿರು, ವಿಧವೆ ತಾಯಿ, ಮದುವೆಯಾಗದ ಅತ್ತೆ, ಇವರ ಉಯಿಲುಗಳನ್ನು ಓದಿ. ಹಿತ್ತಾಳೆಯ ಪಾತ್ರೆಯನ್ನೋ ಹಾಸಿಗೆಯನ್ನೋ ‘ಇಂಥವನ ಹೆಂಡತಿಯಾದ ನನ್ನ ಮಗಳಿಗೆ’ ಎಂದು ಬಿಟ್ಟ ಒಂದು ಸಾಲು ಸಿಕ್ಕರೆ ತವರು ಸಿಕ್ಕಿತು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹಾಲಯವನ್ನು ಮಾತ್ರ ಜಾಲಾಡಬೇಡಿ. ಆಗ ಉಯಿಲುಗಳನ್ನು ದೃಢಪಡಿಸುತ್ತಿದ್ದ ಕ್ಯಾಂಟರ್ಬರಿ ಚರ್ಚ್ ನ್ಯಾಯಾಲಯದ, ಅಲ್ಲಿರುವ ಉಯಿಲುಗಳಲ್ಲಿ ಉಳ್ಳವರದೇ ಹೆಚ್ಚು. ಬಡವರ ಉಯಿಲುಗಳನ್ನು ಕೌಂಟಿ (ಜಿಲ್ಲಾ) ದಾಖಲೆ ಕಚೇರಿಗಳಲ್ಲಿ ಹುಡುಕಬೇಕು.

ಸಂಬಂಧದ ಪದಗಳಲ್ಲಿ ಆತುರ ಸಲ್ಲದು. ಆಗಿನ ‘ಡಾಟರ್ ಇನ್ ಲಾ’ ಸೊಸೆಯೂ ಆಗಬಹುದು, ಮಲಮಗಳೂ ಆಗಬಹುದು. ‘ಕಸಿನ್’ ಎಂದರೆ ಅಣ್ಣನ ಮಗಳೂ ಇರಬಹುದು. ನಾನು ಪ್ರತಿ ಪದದ ಎದುರೂ ಸಾಧ್ಯವಿರುವ ಕನ್ನಡ ಸಂಬಂಧಗಳನ್ನೆಲ್ಲ ಬರೆದು, ಸುಳ್ಳಾದುದನ್ನು ಒಂದೊಂದಾಗಿ ಹೊಡೆದುಹಾಕುತ್ತೇನೆ. ನೀವೂ ಹಾಗೆಯೇ ಮಾಡಿ.

ಆ ಕಾಲದ ಕೈಬರಹವನ್ನು ಎರಡು ವಾರ ಕಲಿಯಿರಿ. ಅದರ ‘ಸಿ’ ಅಕ್ಷರ ಇಂದಿನ ‘ಆರ್’ನಂತೆ ಕಾಣುತ್ತದೆ. ರಾಷ್ಟ್ರೀಯ ಸಂಗ್ರಹಾಲಯದ ಆನ್‌ಲೈನ್ ಪಾಠ ಉಚಿತ. ಮೂಲ ಪುಟದ ಚಿತ್ರ ತೋರಿಸದ ಸಿದ್ಧ ವಂಶವೃಕ್ಷಗಳಿಗೆ ಹಣ ಕೊಡಲೇಬೇಡಿ. ಒಬ್ಬರ ತಪ್ಪನ್ನು ನೂರು ಜನ ನಕಲು ಮಾಡಿರುತ್ತಾರೆ.

ಉಯಿಲೂ ಸಿಗಲಿಲ್ಲವೇ? ಚರ್ಚ್ ನ್ಯಾಯಾಲಯಗಳ ಸಾಕ್ಷಿ ಹೇಳಿಕೆಗಳನ್ನು ನೋಡಿ. ನೆರೆಮನೆಯ ಜಗಳಕ್ಕೆ ಸಾಕ್ಷಿ ಹೇಳಲು ಬಂದವಳ ವಯಸ್ಸು, ಎಷ್ಟೋ ಕಡೆ ಹುಟ್ಟೂರು ಕೂಡ, ಗುಮಾಸ್ತನ ಕೈಯಲ್ಲಿ ದಾಖಲಾಗಿರುತ್ತದೆ.